ಕಣ್ಣಿನಲ್ಲಿ ಕಾಗದ ಬರೆದ ಡ್ರೈವರಣ್ಣ

ಅವರು ಕೊನೆಯವರೆಗೂ ನನ್ನನ್ನು ಕರೆದದ್ದು 'ಎಬ್ಬೆಟ್ಟು' ಎಂದೇ. ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರು ನನಗೆ ಇತ್ತು, ಕೈಯಲ್ಲಿ ಬಿ.ಕಾಂ. ಪದವಿಯೂ ಇತ್ತು. ಅವರ ಮನೆ ಬಾಗಿಲಲ್ಲಿ ಎರಡಕ್ಕೂ ಬೆಲೆ ಇರಲಿಲ್ಲ. "ಬಂದ್ನಾ ಎಬ್ಬೆಟ್ಟು? ಕಾಫಿ ಮಡಗೇ ಅವನ್ಗೆ" ಎಂದು ಮಂಚದ ಮೇಲಿಂದಲೇ ಕೂಗುತ್ತಿದ್ದರು. ಆ ಹೆಸರು ನಾನೇ ಸಂಪಾದಿಸಿಕೊಂಡದ್ದು, ಆದ್ದರಿಂದ ಬಾಯಿ ಮುಚ್ಚಿಕೊಂಡು ಕಾಫಿ ಕುಡಿಯುತ್ತಿದ್ದೆ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಚಿನ್ನದ ಗಣಿಯ ಉರಿಗಾಂನಲ್ಲಿ ಎಲ್ಲರಿಗೂ ಅವರು ಡ್ರೈವರಣ್ಣ. ಬಸ್ಸಿನ ಡ್ರೈವರಲ್ಲ, ಲಾರಿಯದ್ದೂ ಅಲ್ಲ. ಗಣಿಯ ಬಾವಿಯೊಳಗೆ ಜನರನ್ನು ಇಳಿಸಿ ಹತ್ತಿಸುವ ಕೇಜು ಇದೆಯಲ್ಲ, ಅದರ ಹಗ್ಗ ಸುತ್ತುವ ದೊಡ್ಡ ಇಂಜಿನ್ನಿನ ಡ್ರೈವರು. ಇಂಜಿನ್ ಮನೆ ಬಾವಿಯ ಬಾಯಿಯಿಂದ ದೂರ. ಕೇಜು ಅವರ ಕಣ್ಣಿಗೆ ಬೀಳುವುದಿಲ್ಲ. ಅವರಿಗೆ ಬರುವುದು ಗಂಟೆ ಮಾತ್ರ. ಒಂದು ಬಾರಿಸಿದರೆ ನಿಲ್ಲಿಸು. ಎರಡು ಬಾರಿಸಿದರೆ ಇಳಿಸು. ಮೂರು ಬಾರಿಸಿದರೆ ಒಳಗೆ ಮನುಷ್ಯರಿದ್ದಾರೆ, ನಿಧಾನ. ಬಂದ ಗಂಟೆಯನ್ನು ಡ್ರೈವರು ಅಷ್ಟೇ ಸಲ ತಿರುಗಿ ಬಾರಿಸಬೇಕು, 'ನೀನು ಹೇಳಿದ್ದು ನನಗೆ ಕೇಳಿಸಿತು' ಎನ್ನುವುದಕ್ಕೆ. ಆಮೇಲಷ್ಟೇ ಲಿವರಿಗೆ ಕೈ. ಇಪ್ಪತ್ತೆರಡು ವರ್ಷ ಅವರು ಹಾಗೆ ದುಡಿದರು. ಲೆಕ್ಕ ಹಾಕುವುದು ತಮಿಳಿನಲ್ಲಿ, ಬೈಯುವುದು ತೆಲುಗಿನಲ್ಲಿ, ಊಟ ಕೇಳುವುದು ಮಾತ್ರ ಕನ್ನಡದಲ್ಲಿ.

ಹಗ್ಗದ ತುದಿಯಲ್ಲಿ ಅಷ್ಟು ಜನರ ಜೀವ ಹಿಡಿದು ಕೂತವರು ಬಿದ್ದದ್ದು ಸ್ವಂತ ಮನೆಯ ಸೂರಿನಿಂದ! ಟಿವಿ ಆಂಟೆನಾ ತಿರುಗಿಸಲು ಹತ್ತಿದ್ದರು. ಕೆಳಗೆ ನಿಂತ ಹೆಂಡತಿ "ಬಂತು, ಬಂತು... ಓಯ್ತು" ಎನ್ನುತ್ತಿದ್ದರಂತೆ. ಕಾಲು ಜಾರಿ ಕತ್ತಿನ ಮೂಳೆಗೆ ಪೆಟ್ಟಾಯಿತು. ಆವತ್ತಿನಿಂದ ಕೈಯಿಲ್ಲ, ಕಾಲಿಲ್ಲ. ಕಣ್ಣು, ಬಾಯಿ, ಒಂದಿಷ್ಟು ಕತ್ತು ಉಳಿದವು. ಬಾಯಿಯಂತೂ ಎರಡರಷ್ಟಾಯಿತು ಎನ್ನುತ್ತಿದ್ದರು ಅಕ್ಕ, ಅವರ ಹೆಂಡತಿ.

ನಾನು ಆಗ ಗಣಿ ಆಫೀಸಿನ ಹೊಸ ಗುಮಾಸ್ತ. ಅವರ ನಿವೃತ್ತಿ ಕಾಗದಕ್ಕೆ ರುಜು ತರಲು ನನ್ನನ್ನು ಆಸ್ಪತ್ರೆಗೆ ಅಟ್ಟಿದರು. ಜೇಬಿನಲ್ಲಿ ಶಾಯಿ ಪ್ಯಾಡು. ಹೋದೆ, ನಮಸ್ಕಾರ ಹೇಳಿದೆ, ಹೊದಿಕೆ ಸರಿಸಿ ಅವರ ಹೆಬ್ಬೆರಳು ಹಿಡಿದು ಪ್ಯಾಡಿಗೆ ಅದ್ದಿ ಕಾಗದಕ್ಕೆ ಒತ್ತಿದೆ. ಸೊಪ್ಪಿನ ದಂಟಿನ ಹಾಗೆ ಮೆತ್ತಗಿದ್ದ ಆ ಬೆರಳು ಹೇಳಿದಲ್ಲಿಗೆ ಬಂತು. ತಲೆ ಎತ್ತಿದರೆ ಅವರು ನನ್ನನ್ನೇ ನೋಡುತ್ತಿದ್ದರು.

"ಗಂಟೆ ಒಡೀದೇನೇ ಕೇಜು ಇಳಿಸ್ಬುಟ್ಟಲ್ಲೋ," ಎಂದರು.

"ಏನಣ್ಣಾ?"

"ಕಾಗದದಾಗೆ ಏನೈತೆ ಅಂತ ಓದಿ ಏಳಿದ್ಯಾ? ಒತ್ಲಾ ಅಂತ ಕೇಳಿದ್ಯಾ? ನನ್ ಬೆರಳು ನನ್ ಮಾತೇ ಕೇಳಾಕಿಲ್ಲ, ಯಾವೋನ್ ಇಡಿದ್ರೂ ಒತ್ತದೆ. ಅದೆಂಗ್ಲಾ ನನ್ ರುಜು ಆಯ್ತದೆ? ನಂಗೆ ಇಂಗ್ಲಿಷ್ನಾಗೆ ರುಜು ಆಕಾಕೆ ಬತ್ತಿತ್ತು ಕಣ್ಲಾ, ಕೆಳಗೊಂದು ಗೆರೆ ಎಳ್ದು!"

ನನಗೆ ನಾಚಿಕೆಯಾಯಿತು. ಆವತ್ತು ರಾತ್ರಿ ಅನ್ನ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ನಾನು ಚೆನ್ನಾಗಿಯೇ ಉಂಡೆ. ನಾಚಿಕೆ ಮಾತ್ರ ಹೋಗಲಿಲ್ಲ.

ಅವರು ಕ್ವಾರ್ಟರ್ಸ್ ಬಿಟ್ಟು ಬಂಗಾರಪೇಟೆ ಹತ್ತಿರದ ತಮ್ಮ ಹಳ್ಳಿಗೆ ಹೋದರು. ಅಕ್ಕ ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕತೊಡಗಿದರು. ನಾನು ಭಾನುವಾರ ರೈಲು ಹತ್ತಿ ಹೋಗುತ್ತಿದ್ದೆ. ಅವರ ಅರ್ಜಿಗಳನ್ನು ಬರೆದುಕೊಡುವ ಕೆಲಸ ನನ್ನದಾಯಿತು. ಅದರಲ್ಲೂ ಬೈಸಿಕೊಂಡೆ. ಒಮ್ಮೆ ಗಾಲಿಕುರ್ಚಿಗಾಗಿ ಅರ್ಜಿ ಹೇಳಿ ಬರೆಸಿದರು. ಬರೆದದ್ದನ್ನು ಓದಿ ಹೇಳಿದೆ.

"ನಿಲ್ಸು, ನಿಲ್ಸು. 'ದೀನನಾದ ನಾನು ತಮ್ಮ ಪಾದಗಳಲ್ಲಿ ಬೇಡಿಕೊಳ್ಳುತ್ತೇನೆ'ನಾ? ನಾನ್ ಯಾವಾಗ್ಲಾ ಬೇಡ್ಕೊಂಡೆ? ಗಾಡಿ ಕೊಡಿ ಅಂದೆ, ಅಷ್ಟೇ."

"ಅರ್ಜಿ ಅಂದ್ರೆ ಹಂಗೇ ಬರೀಬೇಕಣ್ಣಾ."

"ಅದು ನಿನ್ ಅರ್ಜಿ. ನಂದಲ್ಲ. ಇನ್ನೊಬ್ರ ಕೈಯಾಗೆ ಬರ್ಸಿದ್ರೆ ಅರ್ಧ ಅವರ್ದೇ ಆಯ್ತದೆ."

ಗಾಲಿಕುರ್ಚಿ ಬರಲಿಲ್ಲ. ನನ್ನ ಪಾದಪೂಜೆಯೂ ದಂಡವಾಯಿತು.

ಇಷ್ಟರಲ್ಲಿ ಬಂಗಾರಪೇಟೆಯಲ್ಲಿ ಒಂದು ಕಣ್ಣಿನ ಶಿಬಿರ ನಡೆಯಿತು. ಅಲ್ಲಿ ಹಂಚಿದ ನೇತ್ರದಾನದ ಚೀಟಿಯೊಂದು ಡೈರಿಯ ಕಡೆಯಿಂದ ಅವರ ಮನೆಗೂ ಬಂತು. ನನ್ನಿಂದ ಮೂರು ಸಲ ಓದಿಸಿದರು. ಆಮೇಲೆ ಸೂರು ನೋಡುತ್ತಾ ಹೇಳಿದರು.

"ನನ್ ಮೈಯಾಗೆ ಕೆಲ್ಸ ಮಾಡೋದು ಇನ್ನೆರಡೇ ಸಾಮಾನು. ನಾನ್ ಸತ್ಮ್ಯಾಲೂ ಅವು ಕೆಲ್ಸ ಮಾಡ್ತವೆ ಅಂದ್ರೆ ಸುಡೋದ್ಯಾಕ್ಲಾ? ಕೊಡೋಣ."

ಮನೆಯಲ್ಲಿ ಗದ್ದಲವೆದ್ದಿತು. ಪಕ್ಕದ ಮನೆಯಲ್ಲೇ ಇದ್ದ ಅವರ ತಮ್ಮ ಓಡಿ ಬಂದರು. "ಕಣ್ಣಿಲ್ದೇ ಓದ್ರೆ ಮುಂದಿನ್ ಜನ್ಮದಾಗೆ ಕುರುಡಾಗಿ ಉಟ್ತಾರಣ್ಣಾ!"

"ಅಂಗಾರೆ ನೀನು ಓದ್ ಜನ್ಮದಾಗೆ ಬುದ್ಧಿ ದಾನ ಮಾಡಿ ಬಂದಿದ್ಯೇನ್ಲಾ?"

ತಮ್ಮ ಮೂರು ದಿನ ಮಾತು ಬಿಟ್ಟರು. ಅಕ್ಕ ಹಸುವಿನ ಮುಂದೆ ಹುಲ್ಲನ್ನು ದಬಕ್ಕೆಂದು ಎಸೆದು ಹೋದರು. ಚೀಟಿಯ ಕೆಳಗೆ ರುಜುವಿನ ಜಾಗವಿತ್ತು. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಬಹುದು ಎಂದಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು, "ಪ್ಯಾಡು ತಂದಿದ್ಯಾ? ನಿಂಗೆ ಎಬ್ಬೆಟ್ಟು ಅಂದ್ರೆ ಬಲು ಪ್ರೀತಿ" ಎಂದರು. ಆಮೇಲೆ ದನಿ ತಗ್ಗಿಸಿದರು. "ನೋಡ್ಲಾ, ನಾನ್ ಓದ್ಮ್ಯಾಲೆ ಇವ್ರು ಯಾರೂ ನನ್ ಮಾತು ಕೇಳಲ್ಲ. ಒಂದು ಕಾಗದ ಬೇಕು. ನಾನೇ ಬರ್ದಿರೋ ಕಾಗದ. ಯಾರೂ ಕೈ ಇಡೀದೇ ಇರೋದು. ಆಯ್ತದಾ?"

ಆಗುತ್ತದೆ ಎಂದುಬಿಟ್ಟೆ. ನನಗೆ ರೇಡಿಯೋ ರಿಪೇರಿಯ ಹುಚ್ಚಿತ್ತು. ರಾಬರ್ಟ್‌ಸನ್‌ಪೇಟೆಯಲ್ಲಿ ಹೊಸದಾಗಿ ತೆರೆದಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ಆರು ತಿಂಗಳ ಕೋರ್ಸೂ ಮುಗಿಸಿದ್ದೆ. ಆರು ತಿಂಗಳ ಕೋರ್ಸು ಮುಗಿಸಿದವನಿಗೆ ಜಗತ್ತಿನಲ್ಲಿ ಆಗದ್ದು ಯಾವುದಿದೆ?

ಕ್ಲಾಸಿನ ಯಜಮಾನರು ಮೂಲೆಗೆ ತಳ್ಳಿದ್ದ ಹಳೆಯ ಕಂಪ್ಯೂಟರನ್ನು ಕೊಟ್ಟರು, ಕಿರುಗುಟ್ಟುವ ಒಂದು ಪ್ರಿಂಟರನ್ನೂ. ಅದರ ಪರದೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂಗಾರಪೇಟೆ ರೈಲಿನಲ್ಲಿ ಕೂತೆ. ಎದುರಿನ ಅಜ್ಜಿ ಅದನ್ನು ಸವರಿ ನೋಡಿ, "ಕಲರಾ, ಬ್ಲ್ಯಾಕ್ ಅಂಡ್ ವೈಟಾ?" ಎಂದು ಕೇಳಿದರು. ಬರೀ ಹಸಿರು ಅಕ್ಷರ ಮೂಡುವ ಪರದೆ ಅದು, ಹಸಿರು ಎಂದೆ. ಅಯ್ಯೋ ಪಾಪ ಎನ್ನುವಂತೆ ನೋಡಿದರು.

ಕಂಪ್ಯೂಟರಿಗೆ ಮನುಷ್ಯನ ಮಾತು ಅರ್ಥವಾಗುವ ಕಾಲ ಅದಲ್ಲ. ನಾನು ಮಾಡಿದ್ದು ಇಷ್ಟು: ಒಂದು ಕನ್ನಡಕದ ಚೌಕಟ್ಟಿಗೆ ಟಿವಿ ರಿಮೋಟಿನಲ್ಲಿರುವಂಥ ಸಣ್ಣ ಬಲ್ಬು, ಬೆಳಕನ್ನು ಹಿಡಿಯುವ ಎರಡು ಮಣಿ ಅಂಟಿಸಿದೆ. ಕಣ್ಣಿನ ಬಿಳಿ ಗುಡ್ಡೆ ಬೆಳಕನ್ನು ಹೆಚ್ಚು ವಾಪಸ್ ಕಳಿಸುತ್ತದೆ, ಕರಿ ಪಾಪೆ ಕಡಿಮೆ. ಕಣ್ಣು ಎಡಕ್ಕೆ ಹೋಯಿತೋ ಬಲಕ್ಕೆ ಹೋಯಿತೋ ಎನ್ನುವುದು ಅದರಿಂದ ಯಂತ್ರಕ್ಕೆ ತಿಳಿಯುತ್ತಿತ್ತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಸಾಲು, ಅದರ ಮೇಲೊಂದು ಚೌಕ. ಅವರು ಕಣ್ಣು ಹೊರಳಿಸಿದ ಕಡೆಗೆ ಚೌಕ ಓಡುತ್ತದೆ, ಒಂದು ಅಕ್ಷರದ ಮೇಲೆ ಸ್ವಲ್ಪ ಹೊತ್ತು ನಿಂತರೆ ಅದು ಅಚ್ಚಾಗುತ್ತದೆ. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು. ಕೈ ಬೇಡವೇ ಬೇಡ! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮೊದಲ ದಿನ ಅರ್ಧ ಗಂಟೆಯಲ್ಲಿ ಪರದೆ ತುಂಬಾ ಅಕ್ಷರಗಳ ಸಂತೆ. ಅವರು ಹಸುವಿನ ಕಡೆ ನೋಡಿದರೆ ಒಂದು ಅಕ್ಷರ, ಅಕ್ಕನ ಕಡೆ ನೋಡಿದರೆ ಇನ್ನೆರಡು, ನನ್ನನ್ನು ಬೈಯಲು ತಿರುಗಿದರೆ ಒಂದು ಸಾಲೇ ಬಿತ್ತು.

"ಲೇ ಎಬ್ಬೆಟ್ಟು, ನೋಡಿದ್ದೆಲ್ಲಾ ಬೇಕು ಅಂತ ಯಾವೋನ್ಲಾ ಏಳಿದ್ದು? ಪ್ಯಾಟೆ ಬಜಾರ್ನಾಗೆ ಓಯ್ತಾ ಮಿಠಾಯಿ ಅಂಗ್ಡಿ ನೋಡ್ತೀನಿ. ಅಂದ್ರೆ ತಟ್ಟೆ ಸಮೇತ ಕೊಂಡ್ಕೊಂಡೆ ಅಂತಾನಾ?"

"ಮತ್ತೆ ಯಂತ್ರಕ್ಕೆ ಹೆಂಗೆ ಗೊತ್ತಾಗ್ಬೇಕಣ್ಣಾ?"

"ಗಂಟೆ ಮಡಗು. ಕಣ್ಣು ಬರೀ ತೋರ್ಸಲಿ. ಅಪ್ಪಣೆ ಬಾಯಿ ಕೊಡ್ಲಿ. ಕೊಟ್ಟ ಅಪ್ಪಣೇನ ಅದು ತಿರ್ಗಿ ನಂಗೆ ಏಳ್ಬೇಕು. ಆಮೇಲೆ ಅಲ್ಲಾಡ್ಲಿ. ಕೇಳಿಸ್ಕೊಂಡಿದ್ನ ತಿರ್ಗಿ ಏಳ್ದೇ ಇರೋನ ಕೈಗೆ ಹಗ್ಗ ಕೊಡ್ಬಾರ್ದು ಕಣ್ಲಾ."

ನನ್ನ ಆರು ತಿಂಗಳ ಕೋರ್ಸಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮೈಕೊಂದನ್ನು ಸೇರಿಸಿ ಅವರು ಹೇಳಿದ ಹಾಗೆಯೇ ಕಟ್ಟಿದೆ. ಮೈಕಿಗೆ ಮಾತು ತಿಳಿಯದಿದ್ದರೂ ಸದ್ದು ಎಣಿಸಲು ಬರುತ್ತಿತ್ತು. "ಹ್ಞೂಂ, ಹ್ಞೂಂ" ಎಂದು ಎರಡು ಬಾರಿ ಅಂದರೆ ಅಕ್ಷರ ತೆಗೆದುಕೊ. ಯಂತ್ರವೂ ಎರಡು ಸಲ ಕುಂಯ್‌ಗುಟ್ಟುತ್ತದೆ, ಆಮೇಲೆ ಅಕ್ಷರ ಬೀಳುತ್ತದೆ. ಒಂದೇ "ಹ್ಞೂಂ" ಅಂದರೆ ನಿಲ್ಲಿಸು. ಇಷ್ಟೇ ಸಾಕಿತ್ತು. ಆದರೆ ಅವರು ಮೂರೂ ಬೇಕು ಎಂದು ಹಟ ಹಿಡಿದರು.

"ಮೂರು ಅಂದ್ರೆ ಒಳಗೆ ಮನುಷ್ಯರಿದ್ದಾರೆ ಅಂತಲ್ವಾ? ಕಂಪ್ಯೂಟರ್‌ನಲ್ಲಿ ಯಾರು ಕೂತಿದ್ದಾರಣ್ಣಾ?"

"ನಾನ್ ಕುಂತಿಲ್ವಾ?" ಎಂದರು.

ಹಾಕಿದೆ. ಮೂರು ಸಲ ಅಂದರೆ ಮೂರು ಚುಕ್ಕಿ ಬೀಳುತ್ತಿದ್ದವು, ಯಂತ್ರ ಮೆಲ್ಲಗೆ ನಡೆಯುತ್ತಿತ್ತು. ಪ್ರತಿದಿನ ಅವರು ಶುರುಮಾಡುತ್ತಿದ್ದದ್ದೇ ಆ ಮೂರು ಹ್ಞೂಂಗಳಿಂದ.

ಮೈಕಿಗೆ ಯಾರ ಸದ್ದು ಎನ್ನುವ ಭೇದವಿರಲಿಲ್ಲ. ಹಸು ಅಂಬಾ ಎಂದರೆ ಬರವಣಿಗೆ ನಿಲ್ಲುತ್ತಿತ್ತು. ಒಳಗೆ ಕುಕ್ಕರು ಮೂರು ಸೀಟಿ ಹೊಡೆದರೆ ಪರದೆಯ ಮೇಲೆ ಮೂರು ಚುಕ್ಕಿ. "ಅನ್ನದಾಗೂ ಮನುಷ್ಯರವ್ರೆ ಕಣ್ಲಾ" ಎಂದು ನಗುತ್ತಿದ್ದರು. ಬೇಳೆಗೆ ಐದು ಸೀಟಿ ಹೊಡೆದ ದಿನ ಯಂತ್ರ ಗಾಬರಿಯಾಗಿ ತಾನೇ ನಿಂತುಬಿಟ್ಟಿತು.

ಈ ಗುಟ್ಟನ್ನು ಎಲ್ಲರಿಗಿಂತ ಮೊದಲು ಹಿಡಿದವರು ಅಕ್ಕ. ನೇತ್ರದಾನದ ಕಾಗದ ಶುರುವಾದ ದಿನ ಬಂದು ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಾ ಕೂತರು. ಅಣ್ಣನ ಕಣ್ಣು ಅಕ್ಷರ ಹುಡುಕಿ, ಚೌಕ ಹೋಗಿ ನಿಂತು, ಇವರು ಹ್ಞೂಂ ಎನ್ನಲು ಉಸಿರೆಳೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಬಾಗಿಲ ಬಳಿಯಿಂದ "ಹ್ಞೂಂ." ಒಂದೇ. ಯಂತ್ರ ನಿಂತಿತು. ಮತ್ತೆ ಹುಡುಕಿದರು. ಮತ್ತೆ "ಹ್ಞೂಂ." ಅಕ್ಕನ ಮುಖ ಮಾತ್ರ ಅವರೆಕಾಯಿಯ ಮೇಲೆಯೇ. ನಾನು ಎದ್ದು ಮೈಕನ್ನು ಅಣ್ಣನ ಬಾಯಿಗೆ ಇನ್ನಷ್ಟು ಹತ್ತಿರಕ್ಕೆ ಎಳೆಯಲು ಹೋದೆ.

"ಮುಟ್ಬೇಡ," ಎಂದರು ಡ್ರೈವರಣ್ಣ. "ನಿಲ್ಸೋ ಗಂಟೆ ಯಾರ್ ಒಡೆದ್ರೂ ನಿಲ್ಸ್ಬೇಕು. ಮೇಸ್ತ್ರಿ ಒಡೆದ್ರೂ ಸರಿ, ಕಸ ಗುಡಿಸೋನು ಒಡೆದ್ರೂ ಸರಿ. ಅವಳ್ಗೆ ಏನ್ ಕಾಣ್ತದೋ ನಮ್ಗೇನ್ ಗೊತ್ತು?"

ಎಂಟು ದಿನ ಹಾಗೇ ನಡೆಯಿತು. ನಾನು ರಜೆ ಹಾಕಿ ಹೋಗಿದ್ದೆ, ಆ ರಜೆಯೆಲ್ಲ ಅವರೆಕಾಳಿನ ಹುಳಿಯಲ್ಲೇ ಕಳೆಯಿತು. ಇಪ್ಪತ್ತೆರಡು ವರ್ಷ ಯಾರಿಗೂ ಹೆದರದೆ ಇದ್ದ ಮನುಷ್ಯ ಹೆಂಡತಿಯ ಒಂದು ಹ್ಞೂಂಗೆ ಅಕ್ಷರಕ್ಷರಕ್ಕೂ ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ಒಂಬತ್ತನೆಯ ದಿನ ಅವರು ಬಾಗಿಲ ಕಡೆ ಕಣ್ಣು ಹೊರಳಿಸಿದರು.

"ನಿಲ್ಸಿದೋರು ಯಾಕೆ ಅಂತ ಏಳ್ಬೇಕು ಕಣೇ. ಅದೂ ರೂಲ್ಸೇ."

ಅಕ್ಕ ಮೊರ ಕೆಳಗಿಟ್ಟರು. "ಕೈಯಾಗೆ ನೀವ್ ನನ್ನ ಮುಟ್ಟಿ ಐದ್ ವರ್ಷ ಆಯ್ತು. ಇರೋದೆಲ್ಲಾ ಆ ಕಣ್ಣೇ. ಬೈಯೋದೂ ಅದ್ರಾಗೇ, ಕರಿಯೋದೂ ಅದ್ರಾಗೇ. ಎಲ್ಲಾನೂ ಬರ್ದು ಕೊಟ್ಬುಟ್ರೆ ಕಡೇಗೆ ನಂಗೆ ಅಂತ ಏನ್ ಮಡಗ್ತೀರಿ?" ಎಂದು ಅತ್ತರು. ನಾನು ಪ್ರಿಂಟರಿನ ವೈರು ಸರಿಮಾಡುವವನ ಹಾಗೆ ಬಗ್ಗಿದೆ. ವೈರು ಸರಿಯಾಗಿಯೇ ಇತ್ತು.

ಅವರು ಬಹಳ ಹೊತ್ತು ಅಕ್ಕನನ್ನೇ ನೋಡಿದರು. ಕೊನೆಗೆ, "ಬದುಕಿರೋಗಂಟ ನೀನೇ ಯಜಮಾನಿ. ಓದ್ಮ್ಯಾಲೆ ಇದು ಯಾವಳನ್ನಾರ ನೋಡ್ಲಿ ಬುಡು, ನಿಂಗ್ಯಾಕೆ ಒಟ್ಟೆಕಿಚ್ಚು?" ಎಂದರು.

ಅಕ್ಕ ಅಳುತ್ತಲೇ ನಕ್ಕರು, "ತೂ" ಎಂದರು. ಎದ್ದು ಕುಕ್ಕರನ್ನು ಹಿತ್ತಿಲ ಒಲೆಗೆ ಒಯ್ದರು, ಹಸುಗಳನ್ನು ಬೇಲಿಯಾಚೆ ಕಟ್ಟಿದರು. ಆಮೇಲೆ ಮತ್ತೆ ಬಂದು ಅದೇ ಬಾಗಿಲಲ್ಲಿ ಕೂತರು. ಈ ಸಲ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದರು. ಅದರ ನಡುವೆಯೂ ಕೆಮ್ಮು ಬಂದು ಯಂತ್ರ ಎರಡು ಸಲ ನಿಂತಿತು.

ಆಮೇಲೆ ಹನ್ನೊಂದು ದಿನ ಬರೆದರು, ನಾನು ರಜೆ ಬೆಳೆಸಿದೆ. ನಾಲ್ಕೇ ಸಾಲು. ಪ್ರಿಂಟರು ಕಿರುಗುಟ್ಟುತ್ತಾ ಅದನ್ನು ಹೊರಹಾಕಿದಾಗ ಅಕ್ಕ ಇಬ್ಬರಿಗೂ ಸೇರಿಸಿ ದೃಷ್ಟಿ ತೆಗೆದರು, ಅವರಿಗೂ ಯಂತ್ರಕ್ಕೂ. ನನ್ನನ್ನು ಬಿಟ್ಟರು. ನಾನು ಆ ಹಾಳೆಯನ್ನು ನೇತ್ರದಾನದ ಚೀಟಿಗೆ ಲಗತ್ತಿಸಿ ಗೋಡೆಯ ಗೂಡಿನಲ್ಲಿ ಇಟ್ಟೆ.

ಅದಾದ ಮೇಲೆ ಒಂದೂವರೆ ವರ್ಷ ಇದ್ದರು. ಆ ಯಂತ್ರದಲ್ಲಿ ಊರಿಗೆಲ್ಲ ಕಾಗದ ಬರೆದರು. ಕರೆಂಟಿನ ಆಫೀಸಿಗೆ ಬರೆದದ್ದರಲ್ಲಿ ಬೇಡಿಕೊಳ್ಳುತ್ತೇನೆ ಎನ್ನುವ ಮಾತೇ ಇರಲಿಲ್ಲ. ಆದರೂ ಲೈನ್‌ಮನ್ ಮಾರನೆಯ ವಾರವೇ ಬಂದು ಕಂಬ ಸರಿಮಾಡಿದ. ನನಗೂ ಒಂದು ಕಾಗದ ಬಂತು, ಅಂಚೆಯಲ್ಲಿ. 'ನಿನ್ನ ಯಂತ್ರ ಚೆನ್ನಾಗಿದೆ. ನಿನಗಿಂತ ಮಾತು ಕೇಳುತ್ತದೆ' ಎಂದು ಬರೆದಿದ್ದರು. ಅದನ್ನು ಈಗಲೂ ಇಟ್ಟುಕೊಂಡಿದ್ದೇನೆ.

ಒಂದು ದಿನ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಅವರು ಹೋದರು. ಅಕ್ಕನೇ ಡೈರಿಯ ಫೋನಿನಿಂದ ಮೊದಲು ಕಣ್ಣಿನ ಆಸ್ಪತ್ರೆಗೆ, ಆಮೇಲೆ ನಮ್ಮ ಆಫೀಸಿಗೆ ಸುದ್ದಿ ಕೊಡಿಸಿದ್ದರು. ನಾನು ರೈಲಿಳಿದು ಓಡುವಷ್ಟರಲ್ಲಿ ಆಸ್ಪತ್ರೆಯ ಡಾಕ್ಟರು ಪೆಟ್ಟಿಗೆ ಹಿಡಿದು ಅಂಗಳದಲ್ಲಿ ನಿಂತಿದ್ದರು. ಡ್ರೈವರಣ್ಣನ ತಮ್ಮ ಬಾಗಿಲಿಗೆ ಅಡ್ಡ ನಿಂತಿದ್ದರು. ಅವರದೂ ತಪ್ಪೆನ್ನಲಾರೆ, ಅತ್ತು ಅತ್ತು ಮುಖ ಊದಿತ್ತು. ಗೂಡಿನಿಂದ ಹಾಳೆ ತೆಗೆದು ನಾನು ಗಟ್ಟಿಯಾಗಿ ಓದಿದೆ. ಮೊದಲಿಗೆ ಮೂರು ಚುಕ್ಕಿ. ಆಮೇಲೆ, 'ನಾನು ಹೋದ ಮೇಲೆ ನನ್ನ ಎರಡು ಕಣ್ಣೂ ಕೊಡಬೇಕು. ಇದನ್ನು ನಾನೇ ಬರೆದೆ. ಯಾರೂ ನನ್ನ ಕೈ ಹಿಡಿಯಲಿಲ್ಲ. ಎಬ್ಬೆಟ್ಟು ಪಕ್ಕದಲ್ಲಿ ಸುಮ್ಮನೆ ಕೂತಿದ್ದ.' ಕೆಳಗೆ ಅವರ ಹೆಸರು, ಹೆಸರಿನ ಕೆಳಗೆ ಗೆರೆ. ಆ ಗೆರೆಯೊಂದಕ್ಕೇ ಅರ್ಧ ದಿನ ಹಿಡಿದಿತ್ತು.

"ಮಿಸನ್ನಾಗೆ ಒಡೆದ ಕಾಗದ. ಯಾರ್ ಬೇಕಾದ್ರೂ ಒಡೀಬೋದು," ಎಂದರು ತಮ್ಮ. "ಅಣ್ಣನೇ ಬರ್ದಿದ್ದು ಅಂತ ಏನ್ ಗ್ಯಾರಂಟಿ?"

ಹೌದಲ್ಲ! ಕನ್ನಡಕ ಮಾಡಿದೆ, ಮೈಕು ಹಾಕಿದೆ, ಈ ಪ್ರಶ್ನೆಗೆ ಉತ್ತರ ಮಾತ್ರ ಮಾಡಿರಲಿಲ್ಲ. ಮೊದಲು ಅವರ ಹೆಬ್ಬೆಟ್ಟನ್ನು ಕೇಳದೆ ಒತ್ತಿದವನೂ ನಾನೇ. ನನ್ನ ಸಾಕ್ಷಿಗೆ ಏನು ಬೆಲೆ?

ಒಳಗಿನಿಂದ ಅಕ್ಕ ಎದ್ದು ಬಂದರು. "ನಾನ್ ಗ್ಯಾರಂಟಿ. ಎಂಟ್ ದಿನ ನಾನೇ ಅಡ್ಡ ಕುಂತಿದ್ದೆ. ನಾನ್ ಒಂದ್ ಸಲ ಹ್ಞೂಂ ಅಂದಾಗೆಲ್ಲಾ ನಿಂತ್ರು. ಒಂದ್ ಸಲಾನೂ ಮೀರ್ಲಿಲ್ಲ. ನಾನ್ ಒಪ್ಪಿದ್ಮ್ಯಾಲೆ ಬರ್ದ್ರು. ದಾರಿ ಬುಡಪ್ಪಾ."

ತಮ್ಮನವರು ತಲೆ ತಗ್ಗಿಸಿ ಪಕ್ಕಕ್ಕೆ ಸರಿದರು.

ಡಾಕ್ಟರು ಇನ್ನೊಂದು ಫಾರಂ ತೆಗೆದರು. ಮನೆಯವರ ಒಪ್ಪಿಗೆಯೂ ಬೇಕಂತೆ. ಅಕ್ಕನಿಗೆ ಓದು ಬರದು. ಡಾಕ್ಟರು ಶಾಯಿ ಪ್ಯಾಡನ್ನು ತೆಗೆದು ನನ್ನ ಕೈಗೇ ಕೊಟ್ಟರು! ಅವರು ಅವಸರದಲ್ಲಿದ್ದರು, ಹೊತ್ತು ಮೀರಿದರೆ ಕಣ್ಣು ಕೆಲಸಕ್ಕೆ ಬಾರವು. ಆದರೂ ನಾನು ಅಕ್ಕನ ಬೆರಳು ಮುಟ್ಟಲಿಲ್ಲ. ನೆಲದ ಮೇಲೆ ಕೂತು ಫಾರಂ ಪೂರ್ತಿ ಓದಿ ಹೇಳಿದೆ. ಆಮೇಲೆ ಪ್ಯಾಡು ತೆರೆದು ಹಿಡಿದು ಕಾದೆ.

"ಅವರ್ ಕಣ್ಣು ತಕ್ಕೊಂಡು ಇನ್ನಿಬ್ರಿಗೆ ಇಡ್ತೀರಿ. ಮುಖ ಕೆಡಲ್ಲ. ಅಷ್ಟೇನಾ?" ಎಂದು ಅಕ್ಕ ಕೇಳಿದ್ದನ್ನೆಲ್ಲ ತಿರುಗಿ ಹೇಳಿದರು.

"ಅಷ್ಟೇ ಅಕ್ಕಾ."

ಅಕ್ಕ ತಾವೇ ಬೆರಳು ಅದ್ದಿ ಒತ್ತಿದರು. ಸೆರಗಿಗೆ ಒರೆಸಿಕೊಂಡರು. ಡಾಕ್ಟರು ಒಳಗೆ ಹೋಗಿ ಮಂಚದ ಪಕ್ಕ ಪೆಟ್ಟಿಗೆ ಬಿಚ್ಚಿದರು. ಬೆಳಗಿನಿಂದ ಅಲ್ಲೇ ಬಿದ್ದಿದ್ದ ಹಾಲಿನ ಅಳತೆ ಪಾವನ್ನು ಅಕ್ಕ ಕೈಗೆತ್ತಿಕೊಂಡರು. ಮಂಚದ ಕಬ್ಬಿಣದ ಕಾಲಿಗೆ ಅದರಿಂದ ಬಡಿದರು. ಠಣ್. ಠಣ್. ಠಣ್.

ಡಾಕ್ಟರು ಬೆಚ್ಚಿ ನನ್ನ ಕಡೆ ತಿರುಗಿದರು. "ಏನದು?"

"ಒಳಗೆ ಮನುಷ್ಯರಿದ್ದಾರೆ ಸಾರ್," ಎಂದೆ. "ನಿಧಾನವಾಗಿ."